ಬಣ್ಣ, ಅಂಟು, ಇತರೆ

ಸೊಸ್ನೋವ್ಕಾ
ಬುಧವಾರ, ಆಗಸ್ಟ್ 14

ಪ್ರೀತಿಯ ಅನ್ಫೀಸಾ ಯೆಗೋರೊವ್ನಾ ಅವರಿಗೆ,

ನಿಮ್ಮ ರಿಮ್ಮಾ ಮಾಡುವ ನಮಸ್ಕಾರಗಳು. ‘ನಿಮ್ಮ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಮೊದಲ ಸಾಲೇ ಗಲೀಜಾಗಿರುವುದಕ್ಕೆ ಕ್ಷಮಿಸಿ. ಮಾರ್ಚಿನಿಂದ ನಿಮಗೆ ಒಂದಕ್ಷರ ಬರೆಯದವಳಿಗೆ ಆ ಪದದ ಹಕ್ಕು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಮಂಡಿನೋವು ಹೇಗಿದೆ? ಕಿಮ್ರಿಯ ಹೊಳೆಗಾಳಿ ಒಗ್ಗಿತೇ? ಸೌತೆಬಳ್ಳಿ ಈ ವರ್ಷ ಚೆನ್ನಾಗಿ ಕಾಯಿ ಕಚ್ಚಿತೇ?

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಗ್ಲೆಬ್ ಉಡಾವಣಾ ನೆಲೆಯಿಂದ ಶನಿವಾರ ಎರಡು ದಿನದ ರಜೆಗೆ ಬರುತ್ತಾನೆ. ಅವನೇ ದೋಣಿ ಹಿಡಿದು ಬಂದು ನಿಮ್ಮ ಕೈಗೆ ಕೊಡುತ್ತಾನೆ. ಒಳಗೇನಿದೆ ಎಂದು ಅವನಿಗೆ ಹೇಳಿಲ್ಲ. ಕೆಲಸದ ಸಂಗತಿಯನ್ನು ಎಲ್ಲಿಯೂ ಬರೆಯುವುದಿಲ್ಲ ಎಂದು ಸಹಿ ಹಾಕಿಕೊಟ್ಟವರು ನೀವೂ ನಾನೂ. ಆದ್ದರಿಂದ ಓದಿದ ಮೇಲೆ ಒಲೆಗೆ ಹಾಕಿಬಿಡಿ.

ಮೊದಲು ಮಗುವಿನ ಸುದ್ದಿ. ಹೆಣ್ಣುಮಗು, ಏಪ್ರಿಲ್ ಹತ್ತಕ್ಕೆ ಹುಟ್ಟಿದಳು. ತಾಯಿಸಿಯಾ ಎಂದು ಹೆಸರಿಟ್ಟು ತಾಸ್ಯಾ ಎಂದು ಕರೆಯುತ್ತಿದ್ದೇವೆ. ಕಣ್ಣು ಅಪ್ಪ ಗ್ಲೆಬ್‌ನದು, ಹಟ ಯಾರದೋ ತಿಳಿಯದು. ನೀವು ಕೊಟ್ಟ ತಕ್ಕಡಿ ಅಡುಗೆಮನೆಯ ಮೇಜಿನ ಮೇಲಿದೆ. ಹಾಲು ಕುಡಿಸುವ ಮೊದಲೊಂದು ಸಲ, ಕುಡಿಸಿದ ಮೇಲೊಂದು ಸಲ ಅದರ ತಟ್ಟೆಯಲ್ಲಿ ಮಲಗಿಸಿ ತೂಗುತ್ತೇನೆ. ನಡುವಿನ ವ್ಯತ್ಯಾಸವೇ ಅವಳು ಕುಡಿದ ಹಾಲು. ಚಿಕಿತ್ಸಾಲಯದ ದಾದಿ ಝೋಯಾ ದಿನಕ್ಕೆರಡು ಸಲ ತೂಗು ಎಂದಿದ್ದಳು. ನಾನು ಹನ್ನೆರಡು ಸಲ ತೂಗುತ್ತೇನೆ. ನೀವಿದ್ದರೆ ಬೈಯುತ್ತಿದ್ದಿರಿ. ‘ಪದೇಪದೇ ತೂಗೋಳು ಕೊನೆಗೆ ತನ್ನ ಕೈನೇ ತೂಗ್ತಾ ಇರ್ತಾಳೆ’ ಎಂದು ಎಷ್ಟು ಸಲ ಹೇಳಿದ್ದೀರಿ!

ಆದರೆ ನಾನೇನು ಮಾಡಲಿ? ಹಾಲು ಕಡಿಮೆಯಾಗಿದೆ. ಜುಲೈ ಇಪ್ಪತ್ತಾರರವರೆಗೆ ಎದೆ ಕಟ್ಟಿ ಜ್ವರ ಬರುವಷ್ಟಿತ್ತು. ಆ ದಿನ ಏನಾಯಿತೆಂದು ನಿಮಗೂ ಗೊತ್ತು, ರೇಡಿಯೋದಲ್ಲಿ ಕೇಳಿರುತ್ತೀರಿ. ಆವತ್ತಿನಿಂದ ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ. ನಿದ್ದೆ ಇಲ್ಲ. ಮಗು ಮಲಗಿದರೂ ನನಗಿಲ್ಲ. ಅದರ ಉಸಿರನ್ನು ಎಣಿಸುತ್ತಾ ಕೂರುತ್ತೇನೆ. ಉಸಿರಿನ ಶಬ್ದ ಒಂದು ಕ್ಷಣ ತಡವಾದರೆ ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ. ಪಾಪ, ಎಚ್ಚರವಾಗಿ ಅಳುತ್ತದೆ.

ನಿಮಗೆ ಬರೆಯಬೇಕಾದದ್ದು ಇದಲ್ಲ. ಬರೆಯಬೇಕಾದದ್ದರ ಸುತ್ತ ಸುತ್ತುತ್ತಿದ್ದೇನೆ ಅಷ್ಟೆ.

ಆರು ವರ್ಷದ ಹಿಂದೆ ಸಂಸ್ಥೆಗೆ ಬಂದ ಮೊದಲ ದಿನ ನಮ್ಮ ತೂಕದ ವಿಭಾಗದ ಬಾಗಿಲಲ್ಲಿ ನಿಂತು ನಾನು ಅಳುವಂತಾಗಿದ್ದೆ. ಕಾಲೇಜಿನಲ್ಲಿ ಐದು ವರ್ಷ ಕಲಿತದ್ದು ಕಕ್ಷೆಗಳ ಗಣಿತ. ಕೊಟ್ಟ ಕೆಲಸ ಸ್ಕ್ರೂ, ಹಲಗೆ, ಪರದೆಗಳ ತೂಕ ಬರೆಯುವುದು. ನೀವು ಕನ್ನಡಕದ ಮೇಲಿಂದ ನೋಡಿ, “ಏನಮ್ಮಾ, ನಕ್ಷತ್ರ ಹಿಡ್ಕೊಂಡು ಬರ್ತೀನಿ ಅಂತ ಬಂದ್ಯಾ? ಇಲ್ಲಿ ಮೊದಲು ಟವೆಲ್ ತೂಗು, ಆಮೇಲೆ ನಕ್ಷತ್ರ,” ಎಂದಿರಿ. ನಿಜವಾಗಿಯೂ ಟವೆಲ್ ತೂಗಿಸಿದಿರಿ. ಒಣಗಿದ್ದು, ಒದ್ದೆಯದು, ಹಿಂಡಿದ್ದು.

ನಿಮ್ಮ ಬೆನ್ನ ಹಿಂದಿನ ಹಸಿರು ಕಪಾಟನ್ನು ತೋರಿಸಿದ್ದು ಆ ಚಳಿಗಾಲ. ಹಾರದೆ ಉಳಿದ ಮನೆಗಳು ಎಂದು ಅದಕ್ಕೆ ಹೆಸರಿಟ್ಟಿದ್ದಿರಿ. ಎಲ್ಲಕ್ಕಿಂತ ಕೆಳಗಿನ ಕಟ್ಟಿನಲ್ಲಿ ಆ ದೊಡ್ಡ ಚಕ್ರ: ಆಕಾಶದಲ್ಲಿ ತಿರುಗುತ್ತಾ ಇರುವ ಮೂವತ್ತು ಜನರ ಮನೆ, ಒಳಗೆ ತೋಟ, ಉಗಿಸ್ನಾನದ ಕೋಣೆ ಕೂಡ. ಅದನ್ನು ಎತ್ತುವ ರಾಕೆಟ್ ಇರಲಿಲ್ಲ. ಅದರ ಮೇಲಿನ ಕಟ್ಟಿನಲ್ಲಿ ರೈಲು ಡಬ್ಬಿಗಳಂತೆ ಒಂದಕ್ಕೊಂದು ಕೂಡಿಸಿದ ನೌಕೆಗಳು. ಅದರ ಮೇಲೆ ಸೈನ್ಯದವರು ಕೇಳಿದ ಮನೆ. ಗೋಡೆ ಎದ್ದು ನಿಂತಿತ್ತು, ಒಳಗೆ ಏನೂ ಇರಲಿಲ್ಲ. ಚಂದ್ರನ ದಾರಿಯಲ್ಲಿ ಬೇರೆಯವರು ಮೊದಲು ಹೆಜ್ಜೆ ಇಟ್ಟ ಮೇಲೆ ದೊಡ್ಡವರಿಗೆಲ್ಲ ಇದ್ದಕ್ಕಿದ್ದಂತೆ ಮನೆಯ ನೆನಪಾಯಿತು. ಸೈನ್ಯದವರ ಗೋಡೆಗೆ ನಮ್ಮ ಹಳೆಯ ನೌಕೆಯ ಕರುಳು ತುಂಬಿ ವರ್ಷದೊಳಗೆ ಮನೆ ಕಟ್ಟಿ ಎಂದು ಅಪ್ಪಣೆ ಬಂತು. “ಅರಮನೆ ಕಟ್ತೀವಿ ಅಂತ ಹೊರಟು ಕೊನೆಗೆ ರೈಲು ಡಬ್ಬಿಗೆ ಬಂದ್ವಿ ನೋಡು. ಇರ್ಲಿ ಬಿಡು, ಡಬ್ಬೀಲೂ ಜನ ಸಂಸಾರ ಮಾಡ್ತಾರೆ,” ಎಂದು ನೀವು ನಕ್ಕಿರಿ. ಆ ಕಪಾಟಿನ ಕಾಗದದ ತೂಕ ತೊಂಬತ್ತಾರು ಕಿಲೋ ಎಂದೂ ಹೇಳಿದಿರಿ. ಅದನ್ನೂ ತೂಗಿದ್ದಿರಿ!

ನಿಮ್ಮಿಂದ ಕಲಿತ ದೊಡ್ಡ ಪಾಠ ಗಂಟಿನದು. ನಿಮ್ಮಮ್ಮ ತಲೆವಸ್ತ್ರದ ತುದಿಯಲ್ಲಿ ಚಿಲ್ಲರೆ ಕಟ್ಟಿ ಗಂಟು ಹಾಕುತ್ತಿದ್ದರಂತೆ, ಅಪ್ಪನಿಗೆ ಕಾಣದ ಹಾಗೆ. ನಕ್ಷೆ ಬರೆಯುವ ಪ್ರತಿಯೊಬ್ಬನೂ ಹಾಗೆಯೇ ತನ್ನ ಲೆಕ್ಕದಲ್ಲಿ ಒಂದೆರಡು ಕಿಲೋ ಗಂಟು ಹಾಕಿರುತ್ತಾನೆ, ನಾಳೆ ಬೇಕಾದೀತೆಂದು. ಎಲ್ಲರ ಗಂಟುಗಳೂ ಸೇರಿದರೆ ಮನೆ ಮೇಲೇಳುವುದಿಲ್ಲ. ಅವನ್ನು ಹುಡುಕಿ ಬಿಚ್ಚುವುದೇ ನಮ್ಮ ಕೆಲಸ. ಊಟ ಬಿಸಿಮಾಡುವ ಪೆಟ್ಟಿಗೆಯ ಎಂಜಿನಿಯರನನ್ನು ನಿಲ್ಲಿಸಿಕೊಂಡು, “ಏನಪ್ಪಾ, ಈ ಹಿಡಿ ಸೀಸದ್ದಾ? ಒಂದು ಹಿಡಿಗೆ ಎಂಟುನೂರು ಗ್ರಾಂ? ಬಿಚ್ಚು ಗಂಟು, ಬಿಚ್ಚು,” ಎಂದು ನೀವು ಕೇಳಿದರೆ ಅವನು ಕೆಂಪಗಾಗಿ ಬಿಚ್ಚುತ್ತಿದ್ದ. ಇಡೀ ಸಂಸ್ಥೆಯಲ್ಲಿ ಗಂಟಿಲ್ಲದವರು ನೀವೊಬ್ಬರೇ ಎಂದು ನಾನು ನಂಬಿದ್ದೆ.

ಬೆರೆಸ್ನೆವ್ ಬಂದ ದಿನ ನಿಮಗೆ ನೆನಪಿರಲೇಬೇಕು. ರೊಸ್ತಿಸ್ಲಾವ್ ಬೆರೆಸ್ನೆವ್, ಆ ಮನೆಗೆ ಹೋಗಬೇಕಿದ್ದ ಮೂವರಲ್ಲಿ ಯಂತ್ರ ನೋಡಿಕೊಳ್ಳಬೇಕಾದವನು. ಜನವರಿಯಲ್ಲಿ ಮೂವರನ್ನೂ ತೂಗಲು ಕರೆತಂದಿದ್ದರು. ಬೂಟು ಬಿಚ್ಚಿ ತಕ್ಕಡಿ ಹತ್ತಿ, “ಅಜ್ಜಿ, ಪಾಪದ ತೂಕ ಬೇರೆ ಹಾಕ್ಬೇಡಿ, ಅದನ್ನ ನೆಲದ ಮೇಲೇ ಬಿಟ್ಟು ಹೋಗ್ತೀನಿ,” ಎಂದ. “ಪಾಪಕ್ಕಿಂತ ನಿನ್ನೆ ತಿಂದ ಆಲೂಗಡ್ಡೆ ಜಾಸ್ತಿ ತೂಗ್ತಾ ಇದೆ ಮಗಾ, ಇಳಿ,” ಎಂದಿರಿ ನೀವು. ಸ್ವಂತ ಸಾಮಾನಿಗೆ ಕೊಟ್ಟ ಒಂದು ಕಿಲೋದಲ್ಲಿ ಅವನು ತಂದಿದ್ದು ಈರುಳ್ಳಿ ಗೆಡ್ಡೆ. ಅಲ್ಲಿ ಮೊಳಕೆ ಬರಿಸಿ ಹಸಿರು ನೋಡಬೇಕಂತೆ. ಹೋಗುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. “ಅಜ್ಜಿ, ತಮಾಷೆ ಅಲ್ಲ. ತರಬೇತೀಲಿ ಹೊಗೆ ತುಂಬ್ಸಿದ್ರು. ಎರಡು ನಿಮಿಷಕ್ಕೆ ಏನೂ ಕಾಣ್ಲಿಲ್ಲ ನಂಗೆ. ಹೊಗೇಲಿ ಉಸಿರಾಡೋ ಆ ಮುಖವಾಡಗಳು ಮನೇಲಿ ಇರ್ತವಲ್ಲ?” “ಇರ್ತವೆ ಮಗಾ. ನಾನು ಇಟ್ಟಿರ್ತೀನಿ,” ಎಂದಿರಿ.

ನಾನು ಪಕ್ಕದ ಮೇಜಿನಲ್ಲೇ ಇದ್ದೆ. ತಲೆ ಎತ್ತಲಿಲ್ಲ. ಏಕೆಂದರೆ ಆ ಮೂರು ಮುಖವಾಡಗಳನ್ನೂ ಅವುಗಳ ಗಾಳಿಡಬ್ಬಿಗಳನ್ನೂ ಡಿಸೆಂಬರಿನಲ್ಲೇ ನೀವು ಪಟ್ಟಿಯಿಂದ ಹೊಡೆದುಹಾಕಿ ಸಹಿ ಮಾಡಿದ್ದಿರಿ. ಒಂದೊಂದು ಮೂರು ಕಿಲೋ ಎಂಟುನೂರು. ಮೇಲಿನವರು ಭಾರ ಇಳಿಸಿ ಎಂದು ಕುತ್ತಿಗೆಯ ಮೇಲೆ ಕೂತಿದ್ದರು. ಸಹಿ ಹಾಕಿ, “ತಾತ್ಕಾಲಿಕ,” ಎಂದಿರಿ ನನಗೆ. ಅಷ್ಟೇ. ಮುದುಕಿ ಆ ಹುಡುಗನಿಗೆ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ.

ಇನ್ನು ಆ ಮಂಗಳವಾರ.

ಫೆಬ್ರವರಿ ಹನ್ನೆರಡು. ನನಗೆ ಏಳು ತಿಂಗಳು ತುಂಬಿತ್ತು, ಹೆರಿಗೆ ರಜೆಗೆ ಹೋಗಲು ಎರಡು ವಾರ. ವಿಭಾಗಗಳ ಮೇಲಧಿಕಾರಿ ವಾದಿಮ್ ಕಾರ್ಲೊವಿಚ್ ಸಭೆಯಲ್ಲಿ ಸೂರ್ಯನ ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಇನ್ನೊಂದು ಫಿಲ್ಮ್ ಸುರುಳಿಪೆಟ್ಟಿಗೆ ಬೇಕೆಂದು ಮೇಜು ಗುದ್ದುತ್ತಿದ್ದರು. “ಹತ್ತು ಕಿಲೋ! ಹತ್ತೇ ಹತ್ತು ಕಿಲೋ ಕೇಳ್ತಾ ಇದೀನಿ, ಆನೆಮರಿ ಕೇಳ್ತಾ ಇಲ್ಲ! ಮಹಿಳಾ ದಿನಕ್ಕೆ ಹೂ ಕೊಟ್ರೆ ಎರಡೂ ಕೈಲಿ ಇಸ್ಕೋತೀರಿ, ತೂಕ ಕೇಳಿದ್ರೆ ಮುಖ ತಿರುಗಿಸ್ತೀರಿ,” ಎಂದು ನಮ್ಮ ಸಾಲಿನ ಕಡೆ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ನಾನು ಎದ್ದು ನಿಂತೆ. ಹಿಂದಿನಿಂದ ಯಾರೋ, “ಕೂತ್ಕೋಮ್ಮಾ, ನಿನ್ನದೇ ಇಬ್ಬರ ತೂಕ ಇದೆ,” ಎಂದದ್ದಕ್ಕೆ ನಗೆ ಎದ್ದಿತು. ಆ ನಗೆ ನಿಲ್ಲುವ ಮೊದಲೇ ಹೇಳಿಬಿಟ್ಟೆ. ಪಟ್ಟಿಯ ಕಟ್ಟಕಡೆಯ ಸಾಲು ‘ಬಣ್ಣ, ಅಂಟು, ಇತರೆ’. ಅಲ್ಲಿ ಮೂವತ್ತೊಂದು ಕಿಲೋ ನಾನೂರು ಎಂದಿದೆ. ಬಣ್ಣ ಬಳಿಯುವ ವಿಭಾಗದ ಚೀಟಿಗಳನ್ನು ಕೂಡಿಸಿದರೆ ಇಪ್ಪತ್ತೇ ಆಗುತ್ತದೆ. ಹನ್ನೊಂದು ಕಿಲೋ ನಾನೂರು ಗ್ರಾಂ ಸುಮ್ಮನೆ ಕೂತಿದೆ ಎಂದೆ.

ಚಪ್ಪಾಳೆ ಬಿತ್ತು. “ಹೊಸ ತಲೆಮಾರು ಅಂದ್ರೆ ಇದಪ್ಪಾ! ಕಣ್ಣು ಮುಚ್ಕೊಂಡು ಹಾಲು ಕುಡೀತಿದ್ದ ಬೆಕ್ಕು ಯಾವುದೂಂತ ಇವತ್ತು ಗೊತ್ತಾಯ್ತು,” ಎಂದರು ವಾದಿಮ್ ಕಾರ್ಲೊವಿಚ್. ನೀವು ಪೆನ್ಸಿಲನ್ನು ಎತ್ತಿ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಿರಿ.

ಆಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಿರಿ.

“ಅದು ಯಾತಕ್ಕೆ ಇಟ್ಟಿದ್ದೂಂತ ನಿಂಗೆ ಗೊತ್ತಿತ್ತಾ ರಿಮ್ಮಾ?”

“ಇಲ್ಲ ಅನ್ಫೀಸಾ ಯೆಗೋರೊವ್ನಾ. ಲೆಕ್ಕದ ತಪ್ಪು ಅಂದ್ಕೊಂಡೆ.”

“ಹಾಗಾದ್ರೆ ಸರಿ. ಗೊತ್ತಿಲ್ದೆ ಮಾಡಿದ್ದಕ್ಕೆ ಪಾಪ ಇಲ್ಲ. ಮೆಟ್ಟಿಲು ನೋಡ್ಕೊಂಡು ಇಳಿ, ಒದ್ದೆಯಾಗಿದೆ.”

ಅದಾದ ಮೇಲೆ ನೀವು ಎರಡು ಸಲ ವಾದಿಮ್ ಕಾರ್ಲೊವಿಚ್‌ರ ಕೋಣೆಗೆ ಹೋಗಿ, ಸುರುಳಿಪೆಟ್ಟಿಗೆ ಬಿಟ್ಟು ಮುಖವಾಡ ಇಡಿ ಎಂದು ಕೇಳಿದಿರಂತೆ. ‘ತೆಗೆದವರು ನೀವೇ, ಸಹಿ ನಿಮ್ಮದೇ’ ಎಂದು ಕಳಿಸಿದರಂತೆ. ಬಾಯಿಮಾತು, ಕಾಗದವಿಲ್ಲ. ಎರಡೂವರೆ ವಾರಕ್ಕೆ ನಿಮಗೆ ನಿವೃತ್ತಿ.

ಬೀಳ್ಕೊಡುಗೆಯ ದಿನ ನಾನು ಬಂದದ್ದು ನಾಚಿಕೆಯಿಂದ, ಬರದಿದ್ದರೆ ಜನ ಏನೆಂದಾರು ಎಂಬ ನಾಚಿಕೆಯಿಂದ. ನೀವು ಈ ತಕ್ಕಡಿಯನ್ನು ಹೊರಿಸಿ ತಂದಿದ್ದಿರಿ. ಹುಟ್ಟುವ ಮೊದಲು ಮಗುವಿಗೆ ಏನೂ ಕೊಡಬಾರದಲ್ಲ, ಕೆಟ್ಟದಾಗುತ್ತದಲ್ಲ! ಅದಕ್ಕೇ ಎಲ್ಲರೆದುರು ದೊಡ್ಡ ದನಿಯಲ್ಲಿ, “ಇದು ಮಗುವಿಗಲ್ಲಾಮ್ಮ, ಸೌತೆಕಾಯಿ ತೂಗಕ್ಕೆ. ಉಪ್ಪಿನಲ್ಲಿ ಹಾಕೋದು ಕಲ್ತ್ಕೋ. ತಗೋ, ನನ್ನ ಜಾಡಿ ಲೆಕ್ಕದ ಪುಸ್ತಕಾನೂ ಇಟ್ಕೋ. ಹಿಂದಿನ ಹಾಳೆ ಖಾಲಿ ಇವೆ, ದಂಡ ಯಾಕೆ ಮಾಡ್ತೀಯ,” ಎಂದಿರಿ. ಎಲ್ಲರೂ ನಕ್ಕರು. ಚೌಕುಳಿ ಹಾಳೆಯ ಆ ಪುಸ್ತಕವನ್ನು ಬಾಗಿಲ ಕಾವಲುಗಾರನೂ ಬಿಡಿಸಿ ನೋಡಿ, “ಸಬ್ಬಸಿಗೆ ಎಷ್ಟು ಹಾಕ್ತೀರಿ?” ಎಂದು ಕೇಳಿ ಬಿಟ್ಟ. ಅದರ ಹಿಂದಿನ ಹಾಳೆಗಳಲ್ಲೇ ಹುಟ್ಟಿದಂದಿನಿಂದ ತಾಸ್ಯಾಳ ತೂಕ ಬರೆಯುತ್ತಾ ಬಂದಿದ್ದೇನೆ.

ಜೂನಿನಲ್ಲಿ ಮನೆ ಹಾರಿತು. ಜುಲೈಯಲ್ಲಿ ಮೂವರು ಹೋಗಿ ಬಾಗಿಲು ತೆರೆದರು. ಈರುಳ್ಳಿ ಮೊಳೆತದ್ದನ್ನು ದೂರದರ್ಶನದಲ್ಲಿ ತೋರಿಸಿದರು, ನೀವೂ ನೋಡಿರಬೇಕು. ನಾನು ತಾಸ್ಯಾಳನ್ನು ಎತ್ತಿ ಹಿಡಿದು, ನೋಡು, ಆ ಪರದೆ ಅಮ್ಮ ತೂಗಿದ್ದು, ಆ ಟವೆಲ್ ಅಮ್ಮ ತೂಗಿದ್ದು ಎಂದೆ.

ಹನ್ನೆರಡನೆಯ ದಿನ ಹಲಗೆಯ ಹಿಂದಿನ ತಂತಿ ಕರಕಲಾಗಿ ಹೊಗೆ ಬಂತು. ನಿಮಗೆ ಇದನ್ನು ಯಾರೂ ಹೇಳಿರಲಾರರು. ರೇಡಿಯೋದಲ್ಲಿ ‘ಅಲ್ಪಕಾಲದ ತೀವ್ರ ಅನಾರೋಗ್ಯ’ ಎಂದಷ್ಟೇ ಬಂತು. ಗ್ಲೆಬ್ ಫೋನಿನಲ್ಲಿ, ಯಾರಾದರೂ ಕೇಳಿಸಿಕೊಂಡಾರೆಂದು ಮರೆಮಾತಿನಲ್ಲಿ, “ಅಡುಗೆಮನೆ ಹೊತ್ಕೊಂಡಿತ್ತಂತೆ, ಇಬ್ಬರು ಬಾಗಿಲಿಗೆ ಬಂದ್ರಂತೆ, ಒಬ್ಬ ಒಲೆ ಆರಿಸಕ್ಕೆ ಒಳಗೇ ಉಳಿದ್ನಂತೆ,” ಎಂದ. ಉಳಿದವನು ಬೆರೆಸ್ನೆವ್. ಒದ್ದೆ ಟವೆಲನ್ನು ಬಾಯಿಗೆ ಕಟ್ಟಿಕೊಂಡು ಹೊಗೆಯಲ್ಲಿ ಒಂದೊಂದೇ ಹಲಗೆ ಬಿಚ್ಚಿ ಆ ತಂತಿಯನ್ನು ಹುಡುಕಿ ಕತ್ತರಿಸಿದ. ಮನೆ ಉಳಿಯಿತು. ಮೂವರೂ ಕೆಳಗಿಳಿದರು. ಎರಡು ದಿನದ ಮೇಲೆ ಅವನು ಹೋದ, ಜುಲೈ ಇಪ್ಪತ್ತಾರು. ಎಷ್ಟು ಹೊತ್ತು ಒಳಗಿದ್ದ ಎಂದು ಕೇಳಿದೆ. “ಒಂಬತ್ತು ನಿಮಿಷ,” ಎಂದ ಗ್ಲೆಬ್.

ಆ ಗಾಳಿಡಬ್ಬಿ ಎಷ್ಟು ನಿಮಿಷದ್ದೆಂದು ನಮ್ಮಿಬ್ಬರಿಗೂ ಗೊತ್ತು. ಇಪ್ಪತ್ತು.

ಅನ್ಫೀಸಾ ಯೆಗೋರೊವ್ನಾ, ಈಗ ವಿಚಾರಣಾ ಸಮಿತಿ ಕೂತಿದೆ. ಮುಖವಾಡ ಏಕಿರಲಿಲ್ಲ ಎಂಬುದೇ ಅವರ ಮೊದಲ ಪ್ರಶ್ನೆ, ಅದಕ್ಕೆ ಸಿಕ್ಕ ಮೊದಲ ಕಾಗದ ನಿಮ್ಮ ಡಿಸೆಂಬರಿನ ಸಹಿ. ವರದಿಯ ಕರಡಿನಲ್ಲಿ ನಿಮ್ಮ ಹೆಸರು ಎಲ್ಲಕ್ಕಿಂತ ಮೇಲಿದೆಯಂತೆ. ಪಿಂಚಣಿ, ಪದಕ ಹೋಗುವುದಷ್ಟೇ ಅಲ್ಲ, ನ್ಯಾಯಾಲಯದ ಮಾತೂ ಇದೆ. ಅರವತ್ತಮೂರು ವರ್ಷದ ನಿಮಗೆ.

ಸೋಮವಾರ ನನ್ನನ್ನು ಕರೆದಿದ್ದರು. ಮಗುವನ್ನು ಬಿಡಲು ಯಾರೂ ಇಲ್ಲದೆ ಎತ್ತಿಕೊಂಡೇ ಹೋದೆ. ಓಣಿಯಲ್ಲಿ ವಾದಿಮ್ ಕಾರ್ಲೊವಿಚ್ ಸಿಕ್ಕರು. ತಾಸ್ಯಾಳ ಕೆನ್ನೆ ಮುಟ್ಟಿ, “ಓಹೋ, ಅಮ್ಮನ ಹಾಗೇ ಹುಷಾರು! ಶಿಶುಮನೆ ಜಾಗದ ಪಟ್ಟಿ ನನ್ನ ಮೇಜಿನ ಮೇಲೇ ಇದೆ ಕಣಮ್ಮ. ನಿನ್ನ ಕುರ್ಚಿನೂ ಯಾರಿಗೂ ಕೊಟ್ಟಿಲ್ಲ. ಒಳಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಮಗು ಬೇರೆ ಇದೆ, ಬೇಗ ಬಿಡ್ತಾರೆ,” ಎಂದರು. ಒಳಗೆ ಮೂರು ಜನ. ‘ಈ ಸಹಿ ಯಾರದು?’ ಎಂದರು. ನಿಮ್ಮದು ಎಂದೆ. ‘ಮುಖವಾಡ ಮತ್ತೆ ಸೇರಿಸುವ ಯೋಜನೆ ಏನಾದರೂ ಇತ್ತೇ?’ ಎಂದರು. ನನ್ನ ಗಮನಕ್ಕೆ ಬಂದಿಲ್ಲ ಎಂದೆ. ನಾಲ್ಕು ನಿಮಿಷಕ್ಕೆ ಬಿಟ್ಟರು. ಹೌದು, ಹಾಗೆಯೇ ಹೇಳಿದೆ. ಎಲ್ಲ ಪದವೂ ಶುದ್ಧ, ಎಲ್ಲ ಸೇರಿ ಸುಳ್ಳು.

ಮನೆಗೆ ಬಂದು ಮಗುವನ್ನು ತೂಗಿದೆ. ಪುಸ್ತಕ ತೆರೆದೆ. ಈ ಸಲ ಹಿಂದಿನಿಂದಲ್ಲ, ಮುಂದಿನಿಂದ. ನಿಮ್ಮ ಅಕ್ಷರ. ‘ಸಕ್ಕರೆ’, ‘ಉಪ್ಪು’, ‘ಸಬ್ಬಸಿಗೆ’ ಎಂದು ಇಡೀ ಮನೆಯನ್ನೇ ಅಡುಗೆಯ ಭಾಷೆಯಲ್ಲಿ ಬರೆದಿಟ್ಟಿದ್ದೀರಿ. ಏಳನೆಯ ಹಾಳೆಯಲ್ಲಿ, ಕೆಳಗೆ ಎರಡು ಗೆರೆ ಎಳೆದು: ‘ಜಾಡಿ 3, ಒಂದೊಂದು 3.800, ಒಟ್ಟು 11.400. ಅಂಟಿನ ಹಿಂದೆ ಇಟ್ಟಿದೆ. ಚಳಿಗಾಲಕ್ಕೆ. ಬಾಗಿಲು ಮುಚ್ಚುವ ದಿನದವರೆಗೆ ಯಾರೂ ಮುಟ್ಟಕೂಡದು.’ ಪಕ್ಕದಲ್ಲಿ ತಾರೀಖು, ಡಿಸೆಂಬರ್ ಇಪ್ಪತ್ತು. ಹೊಡೆದುಹಾಕಿದ ದಿನವೇ! ನಮ್ಮ ಕೋಣೆಯಲ್ಲಿ ಮುಖವಾಡದ ಗಾಳಿಡಬ್ಬಿಯನ್ನು ಎಲ್ಲರೂ ಜಾಡಿ ಎಂದೇ ಕರೆಯುತ್ತಿದ್ದೆವು, ಆ ಗಿಡ್ಡ ಕುತ್ತಿಗೆಯಿಂದಾಗಿ. ಹೊರಗಿನವರಿಗೆ ಇದು ಬರೀ ಉಪ್ಪಿನಕಾಯಿ. ಬಿಡಿಸಿ ಹೇಳುವವರಿಲ್ಲದಿದ್ದರೆ ಸಮಿತಿಗೂ ಅಷ್ಟೇ. ಇಡೀ ಸಂಸ್ಥೆಯ ಗಂಟು ಬಿಚ್ಚಿಸಿದ ನೀವು ನಿಮ್ಮದೊಂದೇ ಗಂಟನ್ನು ಆ ಮೂವರ ಉಸಿರಿಗಾಗಿ ಕಟ್ಟಿದ್ದಿರಿ. ಅದನ್ನು ಬಿಚ್ಚಿದವಳು ನಾನು.

ಗಂಟು ಏಕೆ ಕಟ್ಟುತ್ತಾರೆಂದು ನನಗೀಗ ಗೊತ್ತು. ಹೇಳಿಬಿಡುತ್ತೇನೆ, ನಗಬೇಡಿ. ಎರಡು ವಾರದ ಹಿಂದೆ ಝೋಯಾ ಬಂದು ನನ್ನ ಅಂಕಿಗಳನ್ನು ನೋಡಿ, “ವಾರಕ್ಕೆ ಮೂವತ್ತೇ ಗ್ರಾಮಾ? ಹಿಂಗಾದ್ರೆ ಮಗೂನ ಆಸ್ಪತ್ರೆಗೆ ಸೇರಿಸ್ಕೋತೀವಮ್ಮಾ, ನಿನ್ನನ್ನ ಒಳಗೆ ಬಿಡಲ್ಲ ನೋಡು,” ಎಂದಳು. ಅವಳು ತಕ್ಕಡಿಯನ್ನೂ ಮುಟ್ಟುವುದಿಲ್ಲ, ಎಂಜಿನಿಯರಳ ಲೆಕ್ಕ ಎಂದು ನಂಬಿ ಬರೆದುಕೊಂಡು ಹೋಗುತ್ತಾಳೆ. ಆವತ್ತಿನಿಂದ ಅವಳಿಗೆ ತೋರಿಸುವ ಚೀಟಿಯಲ್ಲಿ ಸುತ್ತುಬಟ್ಟೆಯ ತೂಕ ಕಳೆಯುವುದನ್ನು ಬಿಟ್ಟಿದ್ದೇನೆ. ಮೊದಲು ತೊಂಬತ್ತು ಗ್ರಾಂ. ಕಳೆದ ವಾರ ದಪ್ಪ ಬಟ್ಟೆ, ನೂರ ಎಂಬತ್ತು. ಝೋಯಾ ಹೊಗಳಿದಳು. ಮಗು ನನ್ನ ಮಡಿಲಲ್ಲಿ ಹಗುರಾಗುತ್ತಿತ್ತು, ಚೀಟಿಯಲ್ಲಿ ತುಂಬಿಕೊಳ್ಳುತ್ತಿತ್ತು. ನೀವು ಇನ್ನೊಬ್ಬರ ಜೀವಕ್ಕೆ ಗಂಟು ಕಟ್ಟಿದಿರಿ, ನಾನು ನನ್ನ ಭಯಕ್ಕೆ.

ನಾಳೆ ಹತ್ತು ಗಂಟೆಗೆ ಸಮಿತಿಯ ಮುಂದೆ ನಾನೇ ಹೋಗುತ್ತೇನೆ, ಕರೆಯದೆ. ಪುಸ್ತಕ ಕೊಟ್ಟು ಏಳನೆಯ ಹಾಳೆಯನ್ನು ಓದಿ ಬಿಡಿಸಿ ಹೇಳುತ್ತೇನೆ. ಶಿಶುಮನೆಯ ಜಾಗ ಹೋಗುತ್ತದೆ. ಕುರ್ಚಿಯೂ ಹೋಗಬಹುದು. ಸೋಮವಾರದ ಸುಳ್ಳಿಗೆ ಏನು ಮಾಡುತ್ತಾರೋ, ನೋಡೋಣ. ಪುಸ್ತಕ ಒಮ್ಮೆ ಒಳಗೆ ಹೋದರೆ ಮೊಹರು ಬೀಳುತ್ತದೆ, ತಿರುಗಿ ಬರುವುದಿಲ್ಲ. ಅದಕ್ಕೇ ತಾಸ್ಯಾಳ ನಾಲ್ಕು ತಿಂಗಳ ತೂಕವನ್ನು ಬೇರೆ ಹಾಳೆಗೆ ಇಳಿಸುತ್ತಾ ಕೂತಿದ್ದೇನೆ. ಮಗು ಎದ್ದಿತು. ಇನ್ನು ಬರೆಯಲಾರೆ.

ನಿಮ್ಮ ಮಂಡಿಗೆ ಬಿಸಿ ಮರಳು ಕಟ್ಟಿಕೊಳ್ಳಿ. ಮೆಟ್ಟಿಲು ನೋಡಿಕೊಂಡು ಇಳಿಯಿರಿ.

ಇಂದಿಗೂ ಟವೆಲ್ ತೂಗುತ್ತಿರುವ
ರಿಮ್ಮಾ

ಮರೆತ ಮಾತು — ಗುರುವಾರ, ಮಧ್ಯಾಹ್ನ.

ಹೋಗಿ ಬಂದೆ. ಪುಸ್ತಕ ಕೊಟ್ಟೆ. ಮೂವರಲ್ಲಿ ಹಿರಿಯರೊಬ್ಬರು ‘ಚಳಿಗಾಲಕ್ಕೆ’ ಎಂಬ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ವಾದಿಮ್ ಕಾರ್ಲೊವಿಚ್‌ರನ್ನು ಕರೆಸಿ, ನೀವು ಎರಡು ಸಲ ಕೇಳಲು ಹೋಗಿದ್ದು ನಿಜವೇ ಎಂದರು. ಅವರು ನಿಜ ಎಂದರು, ಆ ಹಾಳೆ ಎದುರಿಗೇ ಇದ್ದಮೇಲೆ ಬೇರೆ ದಾರಿ ಇರಲಿಲ್ಲ. ನಿಮ್ಮ ಹೆಸರನ್ನು ಕರಡಿನಿಂದ ತೆಗೆಯುತ್ತಾರೆ. ನನ್ನ ಕಣ್ಣೆದುರಿಗೇ ಹೊಡೆದರು.

ಆಮೇಲೆ ನನ್ನನ್ನು ಕೇಳಿದರು: ಆ ಹನ್ನೊಂದು ಕಿಲೋ ಯಾತಕ್ಕೆಂದು ಸಭೆಯ ದಿನ ನಿನಗೆ ಗೊತ್ತಿತ್ತೇ? ಇಲ್ಲ ಎಂದೆ. ಗೊತ್ತಿರಲಿಲ್ಲ ಎಂದು ಬರೆದುಕೊಂಡರು.

ಅನ್ಫೀಸಾ ಯೆಗೋರೊವ್ನಾ, ಗೊತ್ತಿತ್ತು. ಬಣ್ಣದ ವಿಭಾಗದ ಚೀಟಿಗಳನ್ನು ನಾನು ಎಂದೂ ಕೂಡಿಸಲಿಲ್ಲ. ಆ ಹಿಂದಿನ ಶುಕ್ರವಾರ ನೀವು ಚಹಾಕ್ಕೆ ಹೋದಾಗ ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಏಳನೆಯ ಹಾಳೆ. ಮೂರು ಜಾಡಿ, ಅಂಟಿನ ಹಿಂದೆ. ಬೆರೆಸ್ನೆವ್‌ಗೆ ನೀವು ಕೊಟ್ಟ ಮಾತೂ ನೆನಪಾಯಿತು. ಹೊಗೆ ಎಲ್ಲಿ ಬರುತ್ತದೆ, ಯಾವತ್ತೂ ಬಂದಿಲ್ಲವಲ್ಲ ಎಂದುಕೊಂಡೆ. ರಜೆಗೆ ಹೋಗುವ ಮೊದಲು ಒಂದು ಸಲ ಚಪ್ಪಾಳೆ ಬೀಳಲಿ, ವಾಪಸು ಬಂದಾಗ ನನ್ನ ಕುರ್ಚಿ ಇರಲಿ ಎಂದುಕೊಂಡೆ. ಮೆಟ್ಟಿಲ ಹತ್ತಿರ ನೀವು ಪಾಪ ಇಲ್ಲ ಎಂದದ್ದು ಗೊತ್ತಿಲ್ಲದೆ ಮಾಡಿದವಳಿಗೆ. ಅವಳು ನಾನಲ್ಲ.

ಕಾಗದವನ್ನು ಒಲೆಗೆ ಹಾಕಬೇಡಿ. ನನ್ನ ಕೈಬರಹ, ನನ್ನ ಸಹಿ. ಯಾರಿಗೆ ತೋರಿಸಬೇಕೆನಿಸಿದರೂ ತೋರಿಸಿ, ತೋರಿಸದಿದ್ದರೂ ಸರಿ. ಇಟ್ಟುಕೊಳ್ಳಿ.

ಬರುವ ದಾರಿಯಲ್ಲಿ ಝೋಯಾಳ ಹತ್ತಿರ ಹೋಗಿ, ಎಲ್ಲ ಬಟ್ಟೆ ಬಿಚ್ಚಿ ಅವಳಿಂದಲೇ ಮಗುವನ್ನು ತೂಗಿಸಿದೆ. ಸಂಜೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಐದು ಕಿಲೋ ನೂರ ಹತ್ತು.